ಅಕ್ಕ ಒರೆಸಿದ ಕಡಲ ದಾರಿ

ಮೈದಾ ಅಂಟು ಕುದಿಯುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಮೊದಲು ಹಸಿ ಹಿಟ್ಟಿನ ವಾಸನೆ ಬರುತ್ತದೆ, ಆಮೇಲೆ ಗಂಜಿಯದು, ಮೈಲುತುತ್ತದ ಪುಡಿ ಬಿದ್ದೊಡನೆ ನಾಲಿಗೆಯ ಬುಡವನ್ನು ಕಹಿ ಮಾಡುವ ಇನ್ನೊಂದು ವಾಸನೆ ಅಡಿಯಿಂದ ಏಳುತ್ತದೆ. ಪುಸ್ತಕಕ್ಕೆ ಹುಳ ಹಿಡಿಯದಿರಲಿ ಎಂದು ಹಾಕುವ ವಿಷ ಅದು. ಚಾಮರಾಜಪೇಟೆಯ ನನ್ನ ಬೈಂಡಿಂಗ್ ಅಂಗಡಿಯಲ್ಲಿ ಈಗಲೂ ಬೆಳಿಗ್ಗೆ ಈ ಅಂಟನ್ನು ನಾನೇ ಕಾಯಿಸುತ್ತೇನೆ. ಡಬ್ಬಿಯಲ್ಲಿ ತಯಾರಾಗಿ ಸಿಗುವಾಗ ಯಾಕೆ ಈ ಒದ್ದಾಟ ಎಂದು ಕೇಳಿದರೆ ಅಭ್ಯಾಸ ಎನ್ನುತ್ತೇನೆ. ಆ ವಾಸನೆ ಮೂಗಿಗೆ ಬಡಿದಾಗೆಲ್ಲ ಹಳೆಯದೊಂದು ಶುಕ್ರವಾರ ನೆನಪಾಗುತ್ತದೆ ಎಂಬುದನ್ನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿದ್ದ ಇನ್ನೊಂದು ಮಾತನ್ನೂ ಹೇಳಿರಲಿಲ್ಲ. ಹುಡುಗನಾಗಿದ್ದಾಗ ಹೇಳಲಿಲ್ಲ, ಅಮ್ಮನ ಹೆಣದ ಮುಂದೆ ಹೇಳಲಿಲ್ಲ, ತಲೆ ನೆರೆತ ಮೇಲೂ ಹೇಳಲಿಲ್ಲ. ನಾನು ಮಾಡಿದ ತಪ್ಪನ್ನು ನನ್ನ ಗಿರಿಜಕ್ಕ ತನ್ನದೆಂದುಕೊಂಡು ಬದುಕಿದಳು. ನಾನು ನೋಡುತ್ತ ಕುಳಿತಿದ್ದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪುಸ್ತಕ ಹೊಲಿಯುವುದೇ ಕಸುಬಾದರೂ ಓದಿದ್ದು ಕಡಿಮೆ, ಬರೆದದ್ದು ಇನ್ನೂ ಕಡಿಮೆ. ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವ ಕಡೆಯಿಂದ, ನಮ್ಮ ಮನೆಯಿಂದ, ಶುರು ಮಾಡುತ್ತೇನೆ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ವಠಾರದಲ್ಲಿ ನಮ್ಮದು ಬೀದಿ ಕಡೆಯ ಮೊದಲ ಮನೆ. ವಠಾರದಲ್ಲಿ ಬೆಳೆದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಪಕ್ಕದ ಮನೆಯ ಒಗ್ಗರಣೆ ಯಾವ ಎಣ್ಣೆಯದೆಂದು ಗೋಡೆಯ ಈಚೆಯಿಂದ ಹೇಳಬಲ್ಲಿರಿ, ಯಾರ ಕೊಡ ನಲ್ಲಿಯ ಕೆಳಗಿದೆ ಎಂದು ಸದ್ದಿನಿಂದಲೇ ತಿಳಿಯಬಲ್ಲಿರಿ. ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಕಬ್ಬಿಣದ ಪ್ರೆಸ್ಸಿನ ತಿರುಪು ಕಿರ್ರೆನ್ನುತ್ತಿತ್ತು, ಕತ್ತರಿಸಿದ ಕಾಗದದ ಎಳೆಗಳು ಗಾಳಿಗೆ ಹಾರಿ ಒಳಗೆ ಬಂದು ಒಮ್ಮೊಮ್ಮೆ ಸಾರಿನಲ್ಲೂ ಸಿಗುತ್ತಿದ್ದವು. ಹಿಂದೆ ನಡುಮನೆ, ಅದರಾಚೆ ಅಡುಗೆಮನೆ. ನಡುಮನೆಯ ಕೆಂಪು ಗಾರೆಯ ನೆಲವನ್ನು ಅಮ್ಮ ಎಣ್ಣೆಬಟ್ಟೆಯಿಂದ ಉಜ್ಜಿ ಉಜ್ಜಿ ಎಷ್ಟು ನುಣುಪು ಮಾಡಿದ್ದಳೆಂದರೆ, ಮಧ್ಯಾಹ್ನ ಗವಾಕ್ಷಿಯ ಬೆಳಕು ಬಿದ್ದರೆ ಅಲ್ಲಿ ನೀರು ನಿಂತಂತೆ ಕಾಣುತ್ತಿತ್ತು. ಅಪ್ಪ, ಅಮ್ಮ, ಗಿರಿಜಕ್ಕ, ನಾನು, ಜೊತೆಗೆ ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಹೀಗೆ ಐದು ಜನ ಆ ಎರಡೂವರೆ ಕೋಣೆಯಲ್ಲಿದ್ದೆವು. ಈಗ ಅಲ್ಲಿ ಅಂತಸ್ತಿನ ಕಟ್ಟಡವಿದೆ, ಕೆಳಗೆ ಬ್ಯಾಟರಿ ಅಂಗಡಿ. ಅದರ ಮುಂದೆ ಹಾದುಹೋಗುವಾಗ ನಾನು ತಲೆ ಎತ್ತುವುದಿಲ್ಲ.

ಆ ಬೇಸಿಗೆಯಲ್ಲಿ ಯಾವುದೋ ಶಾಲೆಯ ಹಳೆಯ ಭೂಪಟದ ಪುಸ್ತಕ ಹೊಸ ರಟ್ಟಿಗೆಂದು ಅಂಗಡಿಗೆ ಬಂದಿತ್ತು. ಅಪ್ಪ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬಿಡಿಸಿ ಹರಡಿದಾಗ ನಮ್ಮ ರಾಜ್ಯದ ಹಾಳೆ ಅಕ್ಕನ ಕಣ್ಣಿಗೆ ಬಿತ್ತು. ಅವಳಿಗೆ ಆಗ ಹದಿನೈದು. ಹಾಳೆಯನ್ನು ಒಳಗೆ ತಂದವಳೇ ಸೀಮೆಸುಣ್ಣ ಹಿಡಿದು ನಡುಮನೆಯ ನೆಲದ ಮೇಲೆ ಕರಾವಳಿಯನ್ನು ಬರೆದಳು. ಅಡುಗೆಮನೆಯ ಬಾಗಿಲ ಹತ್ತಿರ ಕಾರವಾರ, ಅಂಗಡಿಯ ಹೊಸಿಲ ಹತ್ತಿರ ಮಂಗಳೂರು. ಗೆರೆಯಿಂದಾಚೆ ಗೋಡೆಯ ತನಕ ಎಲ್ಲ ಕಡಲು, ನಮ್ಮ ಹಾಸಿಗೆಯ ಟ್ರಂಕು ಅದರಲ್ಲಿ ತೇಲುತ್ತಿತ್ತು. ಅಪ್ಪನ ಬಾಲ್ಯದ ಗೆಳೆಯ ರಾಮಣ್ಣ ಬಳೇಪೇಟೆಯ ಬಳೆ ಅಂಗಡಿಯೊಂದರ ಮೆಟಡಾರ್ ವ್ಯಾನು ಓಡಿಸುತ್ತಿದ್ದ. ರಜೆಯಲ್ಲಿ ಮಾಲೀಕರು ವ್ಯಾನು ಕೊಡುತ್ತಾರೆ, ಎರಡು ಮನೆಯವರೂ ಸೇರಿ ಕಡಲ ದಂಡೆಯ ರಸ್ತೆಯಲ್ಲಿ ಹೋಗಿಬರೋಣ ಎಂದು ಅವನೇ ಆಸೆ ಹುಟ್ಟಿಸಿದ್ದು. ನಮ್ಮ ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ.

ಅಂದಿನಿಂದ ಸಂಜೆಯೆಲ್ಲ ಅದೇ ಮಾತು. ಎಲ್ಲೆಲ್ಲಿ ನಿಲ್ಲುವುದೋ ಅಲ್ಲೆಲ್ಲ ಅಕ್ಕ ಒಂದೊಂದು ಹುಣಸೆಬೀಜ ಇಡುತ್ತಿದ್ದಳು. "ಗೋಕರ್ಣದಲ್ಲಿ ಸ್ನಾನ, ದರ್ಶನ. ಮುರುಡೇಶ್ವರದಲ್ಲಿ ಊಟ" ಎಂದರೆ ಅತ್ತೆ, "ಊಟಕ್ಕೇನು, ಸಮುದ್ರದ ನೀರು ಕುಡ್ಕೊಂಡು ಬರೋದಾ?" ಎನ್ನುತ್ತಿದ್ದಳು.

"ಬುತ್ತಿ ಕಟ್ಕೊಂಡು ಹೋಗೋಣ ಅತ್ತೆ. ಮೊದಲ್ನೇ ದಿನ ಪುಳಿಯೋಗರೆ, ಮಾರನೇ ದಿನ ಅವಲಕ್ಕಿ, ಆಮೇಲೆ ಉಡುಪೀಲಿ ಮಠದ ಊಟ."

"ನೋಡಿದ್ಯೇನೋ ನಿನ್ನ ಮಗಳ ಭಕ್ತೀನ! ದೇವರಿಗೆ ಹೋಗೋದೋ, ಹೊಟ್ಟೆಗೆ ಹೋಗೋದೋ?"

ಅಪ್ಪ ಅಂಗಡಿಯಿಂದಲೇ ನಗುತ್ತಿದ್ದ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳೇ ಹೊರತು ತನಗೆ ಇಂಥದ್ದು ಬೇಕೆಂದು ಕೇಳಿದವಳಲ್ಲ. ಒಂದು ಸಂಜೆ ಮಾತ್ರ ತಾನೇ ಒಂದು ಬೀಜ ತೆಗೆದುಕೊಂಡು ಗೆರೆಯ ಮಧ್ಯೆ ಇಟ್ಟಳು. ಅದು ರಾಮಣ್ಣ ಬಾಯಿ ತುಂಬ ಹೇಳಿದ್ದ ಮರವಂತೆ. "ಇಲ್ಲಿ ಸ್ವಲ್ಪ ನಿಲ್ಸೋಕೆ ಹೇಳಿ. ನಾನು ಸುಮ್ನೆ ಕೂತ್ಕೋಬೇಕು" ಎಂದಳು. "ಎಷ್ಟು ಹೊತ್ತಮ್ಮ?" ಎಂದು ಅಕ್ಕ ಕೇಳಿದಳು. ಅಮ್ಮ ಯೋಚಿಸಿ, "ಯಾರೂ ನನ್ನ ಕರೀದೇ ಇರೋ ಅಷ್ಟು ಹೊತ್ತು" ಎಂದಳು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ನಾನೊಬ್ಬ ನಗಲಿಲ್ಲ. ಆ ಮರವಂತೆಯ ಬಗ್ಗೆ ರಾಮಣ್ಣ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದನ್ನು ನಾನೂ ಕೇಳಿದ್ದೆ. "ಒಂದ್ ಕಡೆ ಸಮುದ್ರ ಗುರು, ಇನ್ನೊಂದ್ ಕಡೆ ಹೊಳೆ. ಮಧ್ಯೆ ರೋಡು ಅಂದ್ರೆ ಹಿಂಗೆ, ನಾಲಿಗೆ ಥರ. ಗಾಳಿ ಜೋರಾದ್ರೆ ಅಲೆ ಬಂದು ಗಾಡಿ ಗ್ಲಾಸ್ ತೊಳ್ಕೊಟ್ಟು ಹೋಗುತ್ತೆ, ಕ್ಲೀನರ್ ಬೇಡ್ವೇ ಬೇಡ!" ಅವನ ಪಾಲಿಗೆ ಅದು ತಮಾಷೆ. ಆದರೆ ಅದಕ್ಕೆ ಕೆಲವು ತಿಂಗಳ ಹಿಂದೆ, ಹೋಗಬಾರದೆಂದು ಹೇಳಿದ್ದರೂ ಕೆಂಪಾಂಬುಧಿ ಕೆರೆಯ ಕಡೆ ಹೋಗಿ, ಮುಳುಗಿದವನೊಬ್ಬನನ್ನು ಮೇಲೆ ಎಳೆಯುವುದನ್ನು ನಾನು ಜನರ ಕಾಲುಗಳ ಸಂದಿನಿಂದ ನೋಡಿದ್ದೆ. ಅವನ ಬಾಯಿ ತೆರೆದಿತ್ತು, ಅದರೊಳಗಿಂದ ಕೆರೆಯ ನೀರು ಇನ್ನೂ ಸೋರುತ್ತಿತ್ತು. ಮನೆಯಲ್ಲಿ ಹೇಳಿದರೆ ಏಟು ಬೀಳುತ್ತಿತ್ತು, ಹೇಳಲಿಲ್ಲ. ಆಮೇಲೆ ಸ್ನಾನಕ್ಕೆ ಕುಳಿತರೆ ಸೋಪಿನ ನೊರೆ ಇದ್ದರೂ ಕಣ್ಣು ಮುಚ್ಚುತ್ತಿರಲಿಲ್ಲ, ತಲೆಯ ಮೇಲೆ ಚೊಂಬು ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಈಗ ನಡುಮನೆಯ ನೆಲದ ಮೇಲೇ ಸಮುದ್ರ ಬಂದು ಕುಳಿತಿತ್ತು. ಅದರ ದಂಡೆ ಹಿಡಿಯದೆ ಅಡುಗೆಮನೆಗೆ ಹೋಗುವಂತಿರಲಿಲ್ಲ. ನಾನು ಗೋಡೆ ಬಿಟ್ಟು ನೆಲದ ಕಡೆಯಿಂದ, ಅಂದರೆ ಅಕ್ಕ ಊರುಗಳನ್ನು ಬರೆದಿದ್ದ ಕಡೆಯಿಂದಲೇ ಓಡಾಡುತ್ತಿದ್ದೆ. ಯಾರೂ ನೋಡದಾಗ ಹುಣಸೆಬೀಜಗಳನ್ನು ಗೆರೆಯಿಂದ ದೂರ, ಒಳನಾಡಿಗೆ ಸರಿಸುತ್ತಿದ್ದೆ. ಅಕ್ಕ ಬಂದು, "ಯಾವ್ದೋ ಇಲಿ ನಮ್ಮ ಮುರುಡೇಶ್ವರನ್ನ ಎಳ್ಕೊಂಡು ಹೋಗ್ತಿದೆ ನೋಡಮ್ಮ" ಎಂದು ಮತ್ತೆ ಅಲ್ಲೇ ಇಡುತ್ತಿದ್ದಳು.

ಒಂದು ಸಲ ತಡೆಯಲಾರದೆ ಅವಳಿಗೆ ಹೇಳಿದೆ. "ಅಕ್ಕ, ನಂಗೆ ಸಮುದ್ರ ಅಂದ್ರೆ ಭಯ." ಅವಳು ನಗಲಿಲ್ಲ. "ಆ ರೋಡು ಬಂದಾಗ ನಿನ್ ಕಣ್ಣು ನಾನು ಮುಚ್ಚಿರ್ತೀನಿ ಕಣೋ. ದಾಟಿದ್ಮೇಲೆ ಬಿಡ್ತೀನಿ" ಎಂದಳು. ಕಣ್ಣು ಮುಚ್ಚುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

ನಮ್ಮ ಮನೆಯಲ್ಲಿ ದೂರದ ಪ್ರಯಾಣಕ್ಕಾಗಲಿ, ಸಂಬಂಧಕ್ಕಾಗಲಿ, ದೇವಿಯ ಹತ್ತಿರ ಹೂ ಕೇಳದೆ ಯಾರೂ ಹೊರಡುತ್ತಿರಲಿಲ್ಲ. ಅತ್ತೆಯ ಪೆಟ್ಟಿಗೆಯಲ್ಲಿ ಬಂದ ಹಿತ್ತಾಳೆಯ ದೇವಿಯ ಮುಖ ಒಂದಿತ್ತು. ಅದನ್ನು ಕಳಶಕ್ಕೆ ಕಟ್ಟಿ, ಸೇವಂತಿಗೆಯ ಎರಡು ದಳಗಳನ್ನು ನೀರಿನಲ್ಲಿ ಅದ್ದಿ, ಎರಡು ಕೆನ್ನೆಗೂ ಒಂದೊಂದು ಅಂಟಿಸುವುದು. ಆಮೇಲೆ ಎಲ್ಲರೂ ಕೈಮುಗಿದು ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ತಾಯಿಯ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡವೆಂದು. ದಳ ಅಂಟಿಸುವ ಕೈ ಮದುವೆಯಾಗದ ಹುಡುಗಿಯದಾಗಿರಬೇಕು, ಮಡಿಯಲ್ಲಿರಬೇಕು. ಆದ್ದರಿಂದ ಅದು ಅಕ್ಕನ ಕೆಲಸ. ದೇವಿಯ ಮುಖವನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗುವುದು ಪ್ರತಿ ಶುಕ್ರವಾರ ನನ್ನ ಕೆಲಸ.

ಆ ಶುಕ್ರವಾರ ಬೆಳಿಗ್ಗೆ ಅಪ್ಪ ಅಂಟು ಕಾಯಿಸಿ ಆರಲು ಇಟ್ಟು ನಲ್ಲಿಗೆ ಹೋಗಿದ್ದ. ನಾನು ಬೆಳಗಿದ ಮುಖವನ್ನು ಹಿಡಿದುಕೊಂಡು ಅಂಗಡಿಯಲ್ಲಿ ನಿಂತಿದ್ದೆ. ಮೊದಲೇ ಯೋಚಿಸಿ ಮಾಡಿದೆ ಎಂದು ಹೇಳಲಾರೆ, ಯೋಚಿಸದೆ ಮಾಡಿದೆ ಎಂದರೂ ಸುಳ್ಳು. ಬೆರಳ ತುದಿಯಲ್ಲಿ ಅಂಟು ತೆಗೆದು ದೇವಿಯ ಬಲಗೆನ್ನೆಗೆ ತೆಳ್ಳಗೆ ಸವರಿದೆ. ಅರ್ಧ ಒಣಗಿದ ಮೈದಾ ಅಂಟು ಕಣ್ಣಿಗೆ ಕಾಣುವುದಿಲ್ಲ, ನೀರು ತಾಕಿದೊಡನೆ ಮತ್ತೆ ಎದ್ದು ಹಿಡಿಯುತ್ತದೆ. ನಮ್ಮ ಕಸುಬಿನ ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ ಅದು. ಸವರಿ ಮುಗಿಸಿದ ಮೇಲೆ ಮೈಲುತುತ್ತದ ನೆನಪಾಯಿತು. ದೇವರ ಕೆನ್ನೆಗೆ ವಿಷ ಹಚ್ಚಿದೆ ಎಂದು ಬೆರಳನ್ನು ಅಂಗಿಗೆ ಉಜ್ಜಿಕೊಂಡೆ. ಆದರೂ ಆ ಕೆನ್ನೆಯನ್ನು ಒರೆಸಲಿಲ್ಲ.

ಪೂಜೆಯಾಯಿತು. ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆಕೂದಲಿಗೆ ಗಂಟು ಹಾಕಿ, ಎಂದೂ ಇಲ್ಲದ ಭಕ್ತಿಯಿಂದ ಎರಡು ದಳ ಅಂಟಿಸಿದಳು. ಊದುಬತ್ತಿಯ ಹೊಗೆ ನೇರವಾಗಿ ಏಳುತ್ತಿತ್ತು. ಅಪ್ಪ, ಅಮ್ಮ, ಅತ್ತೆ ಕಣ್ಣು ಮುಚ್ಚಿದ್ದರು. ಅಕ್ಕ ಮಾತ್ರ ಬಲಗಡೆಯ ದಳವನ್ನೇ, ಉಸಿರು ತಾಗಿದರೆ ಎಲ್ಲಿ ತಪ್ಪಾಗುತ್ತದೋ ಎನ್ನುವಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ಎಡಗಡೆಯ ದಳ ಜಾರಿತು, ಮೂಗುತಿಯ ಹತ್ತಿರ ಒಂದು ಕ್ಷಣ ನಿಂತು ತಟ್ಟೆಗೆ ಬಿತ್ತು.

"ಇನ್ನೊಂದ್ ಸಲ ಕೇಳೋಣ" ಎಂದು ಅಪ್ಪ ಮೆಲ್ಲಗೆ ಹೇಳಿದ. ಅಕ್ಕ ಎಡಗಡೆಗೆ ಇನ್ನೊಂದು ದಳ ಅಂಟಿಸಿದಳು. ಅದೂ ಬಿತ್ತು. ಬಲಗಡೆಯದು ಹಿತ್ತಾಳೆಯಲ್ಲೇ ಕೆತ್ತಿದಂತೆ ಅಲುಗದೆ ಕುಳಿತಿತ್ತು. ಅತ್ತೆ ಅಕ್ಕನ ಕಡೆ ತಿರುಗಿದಳು.

"ನಿಜ ಹೇಳೇ ಗಿರಿಜಾ. ಹೊರಗಾಗಿದೀಯ?"

"ಇಲ್ಲ ಅತ್ತೆ."

"ಟೂರ್ ತಪ್ಪೋಗುತ್ತೆ ಅಂತ ಮುಚ್ಚಿಟ್ಟಿದೀಯ. ತಾಯಿ ಮುಂದೆ ಸುಳ್ಳು ಹೇಳ್ಬೇಡ."

"ನಿಜವಾಗ್ಲೂ ಇಲ್ಲ ಅತ್ತೆ. ಅಮ್ಮನ ಆಣೆ."

"ಅಮ್ಮನ ಮೇಲೆ ಆಣೆ ಬೇರೆ ಇಡ್ತೀಯಾ!"

ಅಮ್ಮ, "ಮಗು ಹೇಳ್ತಿದಾಳಲ್ಲ ಅಕ್ಕಯ್ಯ" ಎಂದು ಬಾಯಿ ತೆರೆದಳು, ಅತ್ತೆಯ ಮುಖ ನೋಡಿ ಬಿದ್ದ ದಳಗಳನ್ನು ತಟ್ಟೆಯಿಂದ ಎತ್ತತೊಡಗಿದಳು. ಅಪ್ಪ ಅಂಗಿ ಹಾಕಿಕೊಂಡು ರಾಮಣ್ಣನಿಗೆ ವ್ಯಾನು ಬೇಡವೆಂದು ಹೇಳಲು ಹೊರಟುಹೋದ. ನಾನು ಒಂದೇ ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಅತ್ತೆಯ ಭಯ, ಅಪ್ಪನ ಬೆಲ್ಟಿನ ಭಯ, ದೇವರ ಭಯ, ಅವೆಲ್ಲದರ ಹಿಂದೆ ನಾಲಿಗೆಯಂಥ ಆ ರಸ್ತೆಯ ಭಯ. ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಕ್ಕ ಒದ್ದೆ ಬಟ್ಟೆ ತಂದು ಮಂಡಿಯೂರಿ ನೆಲ ಒರೆಸತೊಡಗಿದಳು. ಕಾರವಾರದಿಂದ ಶುರುಮಾಡಿದಳು. ಗೋಕರ್ಣ ಹೋಯಿತು, ಹೊನ್ನಾವರ ಹೋಯಿತು. ಮರವಂತೆಯ ಹತ್ತಿರ ಕೈ ನಿಂತಿತು, ಅಮ್ಮ ಇಟ್ಟ ಬೀಜವನ್ನು ಎತ್ತಿ ಪಕ್ಕಕ್ಕಿಟ್ಟು ಅದರ ಕೆಳಗೂ ಒರೆಸಿದಳು. ಅಳುತ್ತಿರಲಿಲ್ಲ. ಅತ್ತರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ತಡೆದುಕೊಂಡಿದ್ದಳು ಎಂದು ನನಗೆ ಈಗ ಅನಿಸುತ್ತದೆ. ನೆಲ ಒಣಗಿದ ಮೇಲೆ ಅಲ್ಲಿ ಬರೀ ಕೆಂಪು ಗಾರೆ ಇತ್ತು. ನನಗೆ ನಿಜವಾಗಿಯೂ ಹಾಯೆನಿಸಿತು. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಮತ್ತೊಂದು ಸುಳ್ಳಾಗುತ್ತದೆ.

ಆ ನೆಮ್ಮದಿ ಮುಂದಿನ ಶುಕ್ರವಾರಕ್ಕೆ ಮುಗಿಯಿತು. ಬೆಳಗಲು ಕುಳಿತಾಗ ದೇವಿಯ ಬಲಗೆನ್ನೆಯಲ್ಲಿ ಅಂಟಿನ ಹಕ್ಕಳೆ, ಅದರ ಸುತ್ತ ಹಸಿರುನೀಲಿ ಕಲೆ. ಉಗುರಿನಿಂದ ಕೆರೆದೆ, ಇಟ್ಟಿಗೆಪುಡಿ ಹಾಕಿ ತಿಕ್ಕಿದೆ. ಕಲೆ ಹೋದರೂ ಆ ಕೆನ್ನೆ ಇನ್ನೊಂದಕ್ಕಿಂತ ತೆಳುವಾಗಿ, ಸವೆದಂತೆ ಕಾಣತೊಡಗಿತು. ಅತ್ತೆ ದೀಪ ಹಚ್ಚಿ ಬಗ್ಗಿದಾಗೆಲ್ಲ ಈಗ ಕಂಡುಹಿಡಿಯುತ್ತಾಳೆ, ಈಗ ಕರೆಯುತ್ತಾಳೆ ಎಂದು ನಾನು ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆ. ಅವಳು ಕಂಡುಹಿಡಿಯಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಅಮ್ಮನಿಗೆ ಕಾಮಾಲೆಯಾಯಿತು. ಕಣ್ಣು ಹಳದಿಯಾಯಿತು, ಬೇರು ಅರೆದು ಕುಡಿಸಿದರು, ಆಮೇಲೆ ಆಸ್ಪತ್ರೆಗೆ ಸೇರಿಸಿದರು, ತಡವಾಗಿತ್ತು. ಅಮ್ಮನನ್ನು ಅದೇ ನಡುಮನೆಯಲ್ಲಿ, ಅದೇ ನೆಲದ ಮೇಲೆ ಮಲಗಿಸಿದ್ದಾಗ ಅತ್ತೆ ಗೋಳಾಡುತ್ತ, "ತಾಯಿ ಅವತ್ತೇ ಸೂಚನೆ ಕೊಟ್ಟಿದ್ಲು. ಇವಳ ಮೈಲಿಗೆ ಮನೇನೇ ತಿಂತು" ಎಂದಳು. ಅತ್ತೆ ಕೆಟ್ಟವಳಲ್ಲ. ಅಮ್ಮನ ಜೊತೆ ಒಂದೇ ಒಲೆಯ ಮುಂದೆ ಅಷ್ಟು ಕಾಲ ಕುಳಿತವಳು, ಅವಳ ದುಃಖಕ್ಕೆ ಒಂದು ಕಾರಣ ಬೇಕಾಗಿತ್ತು. ಅಕ್ಕ ಆ ಮಾತನ್ನು ಕೇಳಿ ಅಮ್ಮನ ಕಾಲ ಮೇಲಿದ್ದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ದೇವಿ ಕೋಪಗೊಂಡದ್ದು ನನ್ನ ಮೇಲೆ, ವಿಷ ಹಚ್ಚಿದವನ ಅಮ್ಮನನ್ನು ಕಿತ್ತುಕೊಂಡಳು ಎಂದು ನನಗೆ ಖಚಿತವಾಗಿತ್ತು. ಈಗ ಹೇಳಿದರೆ ಟೂರ್ ತಪ್ಪಿಸಿದವನಲ್ಲ, ಅಮ್ಮನನ್ನು ಕೊಂದವನಾಗುತ್ತೇನೆ. ಆ ಹೆದರಿಕೆ ನನ್ನ ಬಾಯಿಯನ್ನು ಹೊಲಿದುಬಿಟ್ಟಿತು.

ಅಪ್ಪ ಹೋದ, ಅತ್ತೆ ಹೋದಳು, ವಠಾರ ಹೋಯಿತು. ಅಕ್ಕ ಮದುವೆಯಾಗಿ ಎನ್.ಆರ್. ಕಾಲೋನಿಗೆ ಬಂದಳು, ಒಳ್ಳೆಯ ಗಂಡ, ಒಬ್ಬಳೇ ಮಗಳು ಚೈತ್ರಾ. ನೆಲದ ಮೇಲೆ ಇಡೀ ಕರಾವಳಿಯನ್ನು ಹರಡಿಕೊಂಡು ಕುಳಿತಿದ್ದ ಹುಡುಗಿ ಆಮೇಲೆ ಯಾವುದನ್ನೂ ತಾನಾಗಿ ಶುರುಮಾಡಲಿಲ್ಲ. ಯಾರ ಮದುವೆಯಲ್ಲೂ ಆರತಿ ತಟ್ಟೆ ಹಿಡಿಯಲಿಲ್ಲ, ನನ್ನ ಮಗನ ನಾಮಕರಣದಲ್ಲಿ ತೊಟ್ಟಿಲು ತೂಗಲು ಕರೆದರೆ, "ಬೇರೆ ಯಾರಾದ್ರೂ ತೂಗ್ಲಿ, ನನ್ ಕೈ ಸರಿಯಿಲ್ಲ" ಎಂದು ನಗುತ್ತಲೇ ಹಿಂದೆ ಸರಿದಳು. ಭಾವನಿಗೆ ಮಂಗಳೂರಿಗೆ ವರ್ಗವಾದಾಗ ಅವಳು ಹೋಗಲಿಲ್ಲ. ಮನುಷ್ಯ ಅಲ್ಲಿ ರೂಮು ಮಾಡಿಕೊಂಡು ಒಬ್ಬರೇ ಇದ್ದು ಬಂದರು. ಯಾಕೆ ಬರಲಿಲ್ಲವೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿದಿದ್ದವನು ನಾನು. ಅವರ ಮನೆಗೆ ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ.

ಮೊನ್ನೆ ಅವರೆಕಾಯಿ ಕಾಲದ ಒಂದು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದಾಗ ಚೈತ್ರಾ ವರಾಂಡದಲ್ಲಿ ಫೋನು ಹಿಡಿದು ಕುಳಿತಿದ್ದಳು. ಹೊಸ ಕಾರು ಕೊಂಡಿದ್ದಾಳೆ. ಅಮ್ಮನಿಗೆ ಅರವತ್ತು ತುಂಬಿತು, ಈಗಲಾದರೂ ಸಮುದ್ರ ತೋರಿಸಬೇಕು ಎಂದು ಹಟ. "ಕಾರವಾರದಿಂದ ಮಂಗಳೂರು ತನಕ ಮಾಮ. ಡ್ರೈವಿಂಗ್ ಪೂರ್ತಿ ನಂದು. ನೀವು ಹಿಂದಿನ ಸೀಟಲ್ಲಿ ಕೂತ್ಕೊಂಡು ಅಡ್ವೈಸ್ ಕೊಡೋ ಹಾಗಿಲ್ಲ" ಎಂದಳು. ಅಕ್ಕ ನೆಲದ ಮೇಲೆ ಪೇಪರ್ ಹಾಸಿಕೊಂಡು ಅವರೆಕಾಳು ಹಿಸುಕುತ್ತಿದ್ದಳು.

"ನೀವೆಲ್ಲ ಹೋಗ್ಬನ್ನಿ. ನಾನು ಮನೆ ನೋಡ್ಕೋತೀನಿ."

"ಮನೆ ಎಲ್ಲೂ ಓಡ್ಹೋಗಲ್ಲ ಕಣಮ್ಮ. ಗೋಕರ್ಣ ಹಾಕಿದೀನಿ, ಮುರುಡೇಶ್ವರ ಹಾಕಿದೀನಿ. ಮರವಂತೆ ಅಂತೆ, ಒಂದ್ಸೈಡ್ ಸಮುದ್ರ, ಒಂದ್ಸೈಡ್ ನದಿ. ಸಖತ್ತಾಗಿದೆ ನೋಡು ಫೋಟೋ. ಎಷ್ಟೊತ್ತು ನಿಲ್ಲೋಣ?"

ಅಕ್ಕನ ಬೆರಳುಗಳ ನಡುವೆ ಕಾಳು ಹಾಗೇ ನಿಂತಿತು. "ನಂಗೆ ಅದನ್ನ ಕೊಟ್ಟಿಲ್ಲ ಕಣೇ" ಎಂದಳು.

"ಯಾರು ಕೊಟ್ಟಿಲ್ಲ? ನಾನ್ ಕೊಡ್ತಿದೀನಲ್ಲ! ಇಲ್ನೋಡು, ಒಂದೇ ಒಂದು ಸ್ಟಾಪ್ ನೀನು ಒತ್ತು. ನಿನ್ ಟ್ರಿಪ್ಪು, ನಿನ್ ಕೈಯಿಂದ ಶುರುವಾಗ್ಲಿ." ಚೈತ್ರಾ ಫೋನನ್ನು ಅವಳ ಮುಂದೆ ಹಿಡಿದಳು. ಪರದೆಯ ಮೇಲೆ ಕರಾವಳಿ ನೀಲಿ ಗೆರೆಯಾಗಿ ಇಳಿದುಬಂದಿತ್ತು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಬೆರಳು ಚಾಚಿದಳು. ಹದಿನೈದರ ಹುಡುಗಿಯ ಕಣ್ಣು ಒಂದು ಕ್ಷಣ ಅಲ್ಲಿ ಬಂದು ಹೋದದ್ದನ್ನು ನಾನು ಕಂಡೆ. ಬೆರಳು ಗಾಜನ್ನು ಮುಟ್ಟುವ ಮೊದಲೇ ಮಡಚಿಕೊಂಡಿತು. ಫೋನನ್ನು ನನ್ನ ಕಡೆ ತಳ್ಳಿದಳು.

"ನೀನು ಒತ್ತೋ. ಚಿಕ್ಕಂದಿನಿಂದ ದೇವರ ಮುಖ ಬೆಳಗಿದ ಕೈ ನಿಂದು. ನಿನ್ ಕೈ ಒಳ್ಳೇದು."

ಹುಡುಗನಾಗಿದ್ದಾಗ ತಲೆಯ ಮೇಲೆ ಚೊಂಬು ಬಗ್ಗಿದರೆ ಆಗುತ್ತಿದ್ದ ಹಾಗೆಯೇ ಆಯಿತು. ಹೇಳಿದರೆ ಅಕ್ಕ ನನ್ನನ್ನು ಕಳೆದುಕೊಳ್ಳುತ್ತಾಳೆ, ಅವಳಿಗೆ ಹುಟ್ಟಿದ ಮನೆಯೆಂದು ಉಳಿದಿರುವವನು ನಾನೊಬ್ಬನೇ ಎಂಬ ನೆಪ ಈಗಲೂ ಸಿದ್ಧವಾಗಿ ಬಂದು ನಿಂತಿತ್ತು. ನಾನು ಫೋನು ತೆಗೆದುಕೊಳ್ಳಲಿಲ್ಲ. ಅವಳ ಎದುರು ನೆಲದ ಮೇಲೆ ಕುಳಿತೆ.

"ಅಕ್ಕ, ಅವತ್ತು ತಾಯಿ ಬೇಡ ಅನ್ಲಿಲ್ಲ. ಬೇಡ ಅಂದಿದ್ದು ನಾನು."

"ಏನೋ ಹೇಳ್ತಿದೀಯ?"

"ಬಲಗಡೆ ಕೆನ್ನೆಗೆ ಅಂಗಡಿ ಅಂಟು ಸವರಿಟ್ಟಿದ್ದೆ. ದಳ ಬೀಳ್ಬಾರ್ದು ಅಂತ. ಸಮುದ್ರದ ಭಯಕ್ಕೆ."

ಚೈತ್ರಾ ನಮ್ಮಿಬ್ಬರನ್ನೂ ನೋಡಿ ಫೋನನ್ನು ಮಡಿಲಿಗೆ ಇಳಿಸಿದಳು. ಅಕ್ಕ ತನ್ನ ಕೈಗಳನ್ನೇ, ಅವರೆಸಿಪ್ಪೆಯ ಸೊಗಡು ಹತ್ತಿದ ಆ ಒದ್ದೆ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ, "ಅಮ್ಮ?" ಎಂದಳು. ಅಷ್ಟೇ ಕೇಳಿದಳು.

"ಅಮ್ಮ ಕಾಮಾಲೆಯಿಂದ ಹೋದ್ಲು ಅಕ್ಕ. ನಿನ್ನಿಂದಲ್ಲ. ನೀನು ಏನೂ ಮಾಡಿರ್ಲಿಲ್ಲ. ನಂಗೆ ಗೊತ್ತಿತ್ತು, ಅವತ್ತಿಂದ ಇವತ್ತಿನವರೆಗೂ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ. ಕ್ಷಮಿಸು ಅಂತ ಕೇಳೋ ಮುಖ ಇಲ್ಲ ನಂಗೆ. ಆದ್ರೂ ಕೇಳ್ತಿದೀನಿ. ತಪ್ಪಾಯ್ತು ಗಿರಿಜಕ್ಕ."